ಮುಳಬಾಗಿಲಿನ ಗುಂಡಪ್ಪ: ಮೆಟ್ರಿಕ್ಯುಲೇಷನ್ ದಾಟದ ಒಬ್ಬ ವಿದ್ಯಾರ್ಥಿಯ ಬದುಕು

ಅಭ್ಯಾಸ ಬೋಧನೆಗೆಂದು ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಪಾಠ ಯೋಜನೆಗಳ ಜೊತೆಗೆ ಒಂದು ವ್ಯಕ್ತಿ ಅಧ್ಯಯನವನ್ನೂ ಬರೆದು ಒಪ್ಪಿಸುವ ರೂಢಿಯಿದೆ. ಸಾಮಾನ್ಯವಾಗಿ ಕಲಿಕೆಯಲ್ಲಿ ಹಿಂದುಳಿದ, ಪದೇ ಪದೇ ಗೈರುಹಾಜರಾಗುವ ಅಥವಾ ತರಗತಿಯಲ್ಲಿ ಬಾಯಿಯೇ ಬಿಡದ ಮಗುವನ್ನು ಆರಿಸಿಕೊಳ್ಳುತ್ತಾರೆ. ಮಗುವಿನ ಹೆಸರು, ತಂದೆಯ ಉದ್ಯೋಗ, ಹಿಂದಿನ ಅಂಕಗಳು, ಸಮಸ್ಯೆ, ಪರಿಹಾರ ಎಂಬ ಕಲಮುಗಳನ್ನು ತುಂಬುತ್ತಾರೆ. ಆ ಮಗು ಮುಂದೆ ಏನಾಯಿತು ಎಂಬ ಕಲಮು ಅಲ್ಲಿ ಇರುವುದಿಲ್ಲ. ಬೋಧನೆಯ ಅವಧಿ ಮುಗಿಯುತ್ತದೆ, ವರದಿಗೆ ಅಂಕ ಬೀಳುತ್ತದೆ, ಮಗು ತನ್ನ ದಾರಿ ಹಿಡಿಯುತ್ತದೆ.

ಕೊನೆಯವರೆಗೂ ಗೊತ್ತಿರುವ ಒಂದು ಬದುಕನ್ನು ಇದೇ ಕಣ್ಣಿನಿಂದ ಓದಿ ನೋಡುವುದು ಈ ಲೇಖನದ ಉದ್ದೇಶ. ಆ ವಿದ್ಯಾರ್ಥಿ ನಮ್ಮ ಜಿಲ್ಲೆಯವರೇ. ಮುಳಬಾಗಿಲಿನಲ್ಲಿ ಹುಟ್ಟಿ, ಕೋಲಾರದ ಹೈಸ್ಕೂಲಿನಲ್ಲಿ ಓದಿ, ಮೆಟ್ರಿಕ್ಯುಲೇಷನ್ನಿನಲ್ಲಿ ನಪಾಸಾಗಿ ಶಾಲೆಯಿಂದ ಹೊರಬಿದ್ದವರು. ನಾಡು ಅವರನ್ನು ಡಿ.ವಿ.ಜಿ. ಎಂದು ಕರೆಯುತ್ತದೆ. ಅವರ ಕಾವ್ಯ, ತತ್ತ್ವವಿಚಾರಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಶಾಲೆಯೊಂದರ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಹುಡುಗನಾಗಿ ಅವರನ್ನು ನೋಡಿದ್ದು ಕಡಿಮೆ.

ಊರು ಮತ್ತು ಮನೆ

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಹುಟ್ಟಿದ್ದು 1887ರ ಮಾರ್ಚ್ 17ರಂದು. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಮನೆತನದ ಮೂಲ ತಮಿಳು ನಾಡಿನ ಕಡೆಯದು. ಊರು ಮುಳಬಾಗಿಲು, ಮೈಸೂರು ಸಂಸ್ಥಾನದ ಮೂಡಣ ಬಾಗಿಲು. ಆ ಊರಿನ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ದಖನಿ ಉರ್ದು ನಾಲ್ಕೂ ಕಿವಿಗೆ ಬೀಳುತ್ತಿದ್ದವು. ಆಂಜನೇಯನ ಗುಡಿ, ಶ್ರೀಪಾದರಾಜರ ಮಠ, ಹೈದರ್ ವಲಿಯ ದರ್ಗಾ ಒಂದೇ ಊರಿನ ಆಸುಪಾಸಿನಲ್ಲಿದ್ದವು. ಮನೆಮಾತು ಒಂದು, ಬೀದಿಮಾತು ಇನ್ನೊಂದು, ಶಾಲೆಯ ಮಾತು ಮತ್ತೊಂದು ಎಂಬ ಸ್ಥಿತಿ ಅಲ್ಲಿನ ಮಕ್ಕಳಿಗೆ ಹೊಸದಲ್ಲ. ಇಂದು ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳಲ್ಲಿ ಪಾಠ ಮಾಡಲು ಹೋಗುವವರು ಕಾಣುವುದೂ ಇದನ್ನೇ. ಮನೆಯಲ್ಲಿ ತೆಲುಗು ಆಡುವ ಮಗು ಕನ್ನಡದ ಪ್ರಶ್ನೆಗೆ ಉತ್ತರಿಸಲು ತಡಮಾಡಿದರೆ ಅದು ಮಂದಬುದ್ಧಿಯ ಗುರುತಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಲು ಅದಕ್ಕೆ ಅಷ್ಟು ಹೊತ್ತು ಬೇಕು.

ಗುಂಡಪ್ಪನವರ ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಹಣಕ್ಕೆ ಬಡತನವಿತ್ತು. ಊರಿನ ಶಾಲೆಯಲ್ಲಿ ಕನ್ನಡ ಕಲಿತರು, ಮನೆಯಲ್ಲಿ ಸಂಸ್ಕೃತದ ಪರಿಚಯವಾಯಿತು. 1898-99ರ ಹೊತ್ತಿಗೆ ಲೋಯರ್ ಸೆಕೆಂಡರಿ ಮುಗಿಯಿತು. ಅಲ್ಲಿಂದ ಮುಂದೆ ಓದಬೇಕಾದರೆ ಊರು ಬಿಡಬೇಕಿತ್ತು. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳ ಓದು ಇಂದಿಗೂ ನಿಲ್ಲುವುದು ಇಂಥ ತಿರುವುಗಳಲ್ಲೇ. ಏಳನೆಯ ತರಗತಿ ಮುಗಿದು ಹೈಸ್ಕೂಲು ಪಕ್ಕದ ಊರಿನಲ್ಲಿದ್ದಾಗ, ಹತ್ತನೆಯದು ಮುಗಿದು ಕಾಲೇಜು ತಾಲ್ಲೂಕು ಕೇಂದ್ರದಲ್ಲಿದ್ದಾಗ, ಕಳಿಸೋಣವೇ ಬೇಡವೇ ಎಂಬ ಮಾತು ಮನೆಯೊಳಗೆ ನಡೆಯುತ್ತದೆ. ಆ ಮಾತಿನಲ್ಲಿ ಶಾಲೆಯ ಪರವಾಗಿ ನಿಲ್ಲುವವರು ಬಹಳ ಸಲ ಯಾರೂ ಇರುವುದಿಲ್ಲ.

ಜಟಕಾ ಗಾಡಿಯ ರಸೂಲ್ ಖಾನ್

ಗುಂಡಪ್ಪನವರ ಪಾಲಿಗೆ ಒಬ್ಬರು ಇದ್ದರು. ಮುಳಬಾಗಿಲಿನಲ್ಲಿ ಜಟಕಾ ಓಡಿಸುತ್ತಿದ್ದ ರಸೂಲ್ ಖಾನ್. ಹುಡುಗ ಮುಂದೆ ಓದಬೇಕು ಎಂದು ಪ್ರೀತಿಯಿಂದ ಪಟ್ಟು ಹಿಡಿದವರು ಅವರು. ಹುಡುಗ ಮೈಸೂರಿಗೆ ಹೋಗಿ ಮಹಾರಾಜಾ ಕಾಲೇಜಿನ ಹೈಸ್ಕೂಲಿಗೆ ಸೇರಿದ್ದರಲ್ಲಿ ಅವರ ಒತ್ತಾಯದ ಪಾಲು ದೊಡ್ಡದು. ಆಗ ಮುಳಬಾಗಿಲಿನವರು ರೈಲು ಹತ್ತಲು ಈಗಿನ ಬಂಗಾರಪೇಟೆಯಾದ ಬೌರಿಂಗ್‌ಪೇಟೆಗೆ ಹೋಗಬೇಕಿತ್ತು. ಊರಿನ ಹುಡುಗನೊಬ್ಬ ಓದಿ ಮೇಲೆ ಬಂದರೆ ಜಟಕಾದವನಿಗೆ ಸಿಗುವ ಲಾಭವೇನೂ ಇಲ್ಲ. ಜಾತಿ ಬೇರೆ, ಮತ ಬೇರೆ, ಅಂತಸ್ತು ಬೇರೆ. ಆದರೂ ಆ ಹುಡುಗನ ಓದು ತನಗೂ ಸೇರಿದ ವಿಷಯ ಎಂದು ಆತ ತಿಳಿದರು.

ಮಾರ್ಗದರ್ಶನದ ಪಠ್ಯಪುಸ್ತಕಗಳಲ್ಲಿ ಶಾಲೆ ಮತ್ತು ಸಮುದಾಯ ಎಂಬ ಅಧ್ಯಾಯ ಬರುತ್ತದೆ. ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ, ಪೋಷಕರ ಸಭೆ, ಸಂಪನ್ಮೂಲ ವ್ಯಕ್ತಿಗಳು ಎಂದು ಅದರಲ್ಲಿ ಪಟ್ಟಿ ಇರುತ್ತದೆ. ರಸೂಲ್ ಖಾನರಂಥವರು ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಆದರೆ ಮಗುವಿನ ಮನೆಯ ಪರಿಸ್ಥಿತಿಯನ್ನು ಮೇಷ್ಟರಿಗಿಂತ ಚೆನ್ನಾಗಿ ಅರಿತವರು ಅವರೇ. ಇಂದಿನ ಹಳ್ಳಿಯಲ್ಲಿ ಆ ಸ್ಥಾನದಲ್ಲಿ ಆಟೊ ಓಡಿಸುವವರು, ಬಿಸಿಯೂಟದ ಅಡುಗೆಯವರು, ಹಾಲಿನ ಡೇರಿಯ ಕಾರ್ಯದರ್ಶಿ, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಇರುತ್ತಾರೆ. ಒಂದು ಮಗು ಹತ್ತು ದಿನ ಶಾಲೆಗೆ ಬರದಿದ್ದಾಗ ಮೊದಲು ಮಾತನಾಡಿಸಬೇಕಾದವರು ಇವರು.

ಎರಡು ಶಾಲೆ, ಒಂದು ನಪಾಸು

ಮೈಸೂರಿನ ಓದು ಕೊನೆಯವರೆಗೂ ಸಾಗಲಿಲ್ಲ. ಗುಂಡಪ್ಪನವರು ಮುಳಬಾಗಿಲಿಗೆ ಮರಳಿದರು, ಕೋಲಾರದ ಹೈಸ್ಕೂಲಿಗೆ ಸೇರಿದರು. ಆ ಕಾಲದ ವಾಡಿಕೆಯಂತೆ ಹದಿಹರೆಯದಲ್ಲೇ ಮದುವೆಯೂ ಆಯಿತು. ಪತ್ನಿ ಭಾಗೀರಥಮ್ಮ. ಓದು, ಸಂಸಾರ, ಮನೆಯ ಅಡಚಣೆ ಒಟ್ಟಿಗೆ ಹೆಗಲೇರಿದ ವಯಸ್ಸು ಅದು. ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರಲ್ಲಿ. ಅದಕ್ಕೆ ಮೊದಲು ನಮ್ಮ ಕಡೆಯ ವಿದ್ಯಾರ್ಥಿಗಳು ಬರೆಯುತ್ತಿದ್ದುದು ಮದರಾಸು ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್. ಗುಂಡಪ್ಪನವರು ಆ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಅವರ ಶಾಲಾ ಶಿಕ್ಷಣ ಅಲ್ಲಿಗೆ ಮುಗಿಯಿತು.

ಇಲ್ಲಿ ನಿಂತು ಯೋಚಿಸಬೇಕು. ಆ ದಿನ ಈ ಹುಡುಗನ ಬಗ್ಗೆ ಒಂದು ಸಂಚಿತ ದಾಖಲೆ ಬರೆದಿದ್ದರೆ ಅದರಲ್ಲಿ ಏನಿರುತ್ತಿತ್ತು? ಶಾಲೆ ಬದಲಾಯಿಸಿದ್ದಾನೆ. ಮನೆಯಲ್ಲಿ ತೊಂದರೆ ಇದೆ. ವಿವಾಹಿತ. ಅಂತಿಮ ಪರೀಕ್ಷೆಯಲ್ಲಿ ಅನುತ್ತೀರ್ಣ. ಇಷ್ಟೂ ನಿಜವೇ, ಒಂದೂ ಸುಳ್ಳಲ್ಲ. ಆದರೆ ಓದಿನ ಹಸಿವು ಈ ಹುಡುಗನಿಗೆ ಎಷ್ಟಿತ್ತು, ಕನ್ನಡ, ಸಂಸ್ಕೃತ, ಇಂಗ್ಲಿಷ್ ಮೂರರಲ್ಲೂ ಅವನ ಮನಸ್ಸು ಹೇಗೆ ಓಡುತ್ತಿತ್ತು, ಊರಿನ ಜನರ ಮಾತು, ನಡತೆ, ಕಷ್ಟಸುಖಗಳನ್ನು ಅವನು ಎಷ್ಟು ಹತ್ತಿರದಿಂದ ಗಮನಿಸುತ್ತಿದ್ದ ಎಂಬುದು ಯಾವ ಕಲಮಿನಲ್ಲೂ ಬರುತ್ತಿರಲಿಲ್ಲ. ಅವನ ಮುಂದಿನ ಎಪ್ಪತ್ತು ವರ್ಷದ ಕೆಲಸ ನಿಂತದ್ದು ಈ ಬರೆಯದೆ ಉಳಿದ ಗುಣಗಳ ಮೇಲೆ.

ಇದೇ ಜಿಲ್ಲೆಯ ಇನ್ನೊಬ್ಬರನ್ನು ಪಕ್ಕದಲ್ಲಿಟ್ಟು ನೋಡಬಹುದು. ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಗುಂಡಪ್ಪನವರಿಗಿಂತ ನಾಲ್ಕು ವರ್ಷ ಕಿರಿಯರು. ಅವರ ಬಾಲ್ಯದಲ್ಲೂ ಬಡತನವಿತ್ತು. ಆದರೆ ಪರೀಕ್ಷೆಗಳು ಅವರ ಕೈಹಿಡಿದವು. 1914ರಲ್ಲಿ ಮದರಾಸಿನಲ್ಲಿ ಎಂ.ಎ. ಮುಗಿಸಿ, ಸ್ಪರ್ಧೆಯಲ್ಲಿ ಗೆದ್ದು ಮೈಸೂರು ಸಿವಿಲ್ ಸರ್ವಿಸ್ ಸೇರಿದರು, 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನೂ ಪಡೆದರು. ಕನ್ನಡಕ್ಕೆ ಇಬ್ಬರೂ ದೊಡ್ಡವರಾದರು. ಶಾಲೆಯ ವ್ಯವಸ್ಥೆಗೆ ಕಂಡದ್ದು ಮಾತ್ರ ಒಬ್ಬರೇ. ಪರೀಕ್ಷೆ ಮಾಸ್ತಿಯವರನ್ನು ಸರಿಯಾಗಿಯೇ ಗುರುತಿಸಿತು. ಗುಂಡಪ್ಪನವರನ್ನು ಗುರುತಿಸಲು ಅದರ ಬಳಿ ಸಾಧನವಿರಲಿಲ್ಲ.

ಸೋಡಾ ಕಾರ್ಖಾನೆ, ಜಟಕಾಕ್ಕೆ ಬಣ್ಣ

ನಪಾಸಾದ ಮೇಲಿನ ಒಂದೆರಡು ವರ್ಷಗಳನ್ನು ಡಿ.ವಿ.ಜಿ.ಯವರ ಜೀವನಚರಿತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಶಿಕ್ಷಕರು ನಿಧಾನವಾಗಿ ಓದಬೇಕಾದ ಸಾಲುಗಳು ಅವು. ಮುಳಬಾಗಿಲಿನ ಶಾಲೆಯಲ್ಲಿ ಸ್ವಲ್ಪ ಕಾಲ ಬದಲಿ ಉಪಾಧ್ಯಾಯರಾದರು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದರು. ಬೆಂಗಳೂರಿಗೆ ಹೋಗಿ ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಅಂಗಡಿಯಲ್ಲಿ ಕೆಲಸ ಮಾಡಿದರು. ಯಾವುದೂ ನಿಲ್ಲಲಿಲ್ಲ.

ಇಂದು ಹತ್ತನೆಯ ತರಗತಿಯಲ್ಲಿ ನಪಾಸಾದ ಹುಡುಗ ಮಾಲೂರಿನ ಹೆಂಚು ಇಟ್ಟಿಗೆ ಕಾರ್ಖಾನೆಗೋ, ಕೋಲಾರದ ಟೊಮೆಟೊ ಮಾರುಕಟ್ಟೆಗೋ, ಶ್ರೀನಿವಾಸಪುರದ ಮಾವಿನ ಮಂಡಿಗೋ, ಬೆಳಗಿನ ರೈಲು ಹತ್ತಿ ಬೆಂಗಳೂರಿನ ಯಾವುದೋ ಗೋದಾಮಿಗೋ ಹೋಗುವುದು ಇದೇ ದಾರಿಯ ಮುಂದುವರಿಕೆ. ಹುಡುಗಿಯಾದರೆ ಮದುವೆಯ ಮಾತು ಶುರುವಾಗುತ್ತದೆ. ದುಡಿಮೆಯಲ್ಲಿ ಅವಮಾನವೇನೂ ಇಲ್ಲ. ಆದರೆ ಆ ಹುಡುಗ ಹೋದದ್ದು ಆರಿಸಿಕೊಂಡೋ ಬೇರೆ ದಾರಿ ಕಾಣದೆಯೋ ಎಂದು ಕೇಳುವವರು ಬೇಕು. ಮರುಪರೀಕ್ಷೆ ಇದೆ, ಮುಕ್ತ ಶಾಲೆ ಇದೆ, ಐ.ಟಿ.ಐ. ಇದೆ ಎಂದು ಹೇಳುವವರು ಬೇಕು. ಫಲಿತಾಂಶ ಬಂದ ವಾರದಲ್ಲಿ ಪಾಸಾದವರಿಗೆ ಶಾಲೆ ಸಿಹಿ ಹಂಚುತ್ತದೆ. ನಪಾಸಾದವರ ಮನೆಗೆ ಹೋಗುವ ಕೆಲಸ ಯಾರದು ಎಂದು ಯಾವ ಸುತ್ತೋಲೆಯ ನೆರವಿಲ್ಲದೆಯೇ ಶಿಕ್ಷಕರು ತೀರ್ಮಾನಿಸಿಕೊಳ್ಳಬಹುದು. ಮಕ್ಕಳು ಜೀವಕ್ಕೇ ಅಪಾಯ ತಂದುಕೊಳ್ಳುವ ಭಯ ಹೆಚ್ಚಾಗಿರುವುದು ಆ ವಾರದಲ್ಲೇ.

ಪತ್ರಿಕೆಯ ಕಚೇರಿ ಎಂಬ ಶಾಲೆ

ಬೆಂಗಳೂರಿನಲ್ಲಿ ಗುಂಡಪ್ಪನವರಿಗೆ ಪತ್ರಿಕೆಗಳ ಬಾಗಿಲು ತೆರೆಯಿತು. ಮೊದಲು ಸೂರ್ಯೋದಯ ಪ್ರಕಾಶಿಕಾ, ಆಮೇಲೆ ಭಾರತಿ. ಕೈಯಲ್ಲಿ ಪ್ರಮಾಣಪತ್ರವಿಲ್ಲದ ಯುವಕನಿಗೆ ಪತ್ರಿಕೆಯ ಕೆಲಸ ಬೇರೊಂದು ರೀತಿಯ ಪರೀಕ್ಷೆ ಒಡ್ಡಿತು. ಬರೆದದ್ದು ನಾಳೆ ಬೆಳಿಗ್ಗೆ ಜನರ ಮುಂದೆ ನಿಲ್ಲಬೇಕು. ತಿಳಿಯದ್ದನ್ನು ಇವತ್ತೇ ಓದಿ ತಿಳಿಯಬೇಕು. ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸಗಳನ್ನು ಅವರು ತಾವೇ ಓದಿಕೊಂಡರು. ಹಾನಗಲ್ಲು ವಿರೂಪಾಕ್ಷ ಶಾಸ್ತ್ರಿಗಳ ಬಳಿ ಕುಳಿತು ವೇದಾಂತ ಪಾಠ ಹೇಳಿಸಿಕೊಂಡರು. ತರಗತಿ ಕಳೆದುಕೊಂಡವರು ಗುರುಗಳನ್ನು ತಾವೇ ಹುಡುಕಿಕೊಂಡು ಹೋದರು.

1908ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳನ್ನು ಬಿಗಿಯುವ ಕಾನೂನು ಬಂದಿತು. ಪತ್ರಿಕಾ ವೃತ್ತಿ ಕಷ್ಟವಾಯಿತು. ಗುಂಡಪ್ಪನವರು ಮದರಾಸಿಗೆ ಹೋಗಿ ಅಲ್ಲಿನ ಪತ್ರಿಕೆಗಳಿಗೆ ಬರೆದು ದಿನ ನೂಕಿದರು. ಅದೇ 1908ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು ಶಾಲೆ ಬಿಟ್ಟು ಕೆಲಸ ಹುಡುಕುವ ತರುಣರಿಗಾಗಿ ವೃತ್ತಿ ಸಲಹಾ ಕಚೇರಿಯೊಂದನ್ನು ತೆರೆದರು. ತನ್ನ ಶಕ್ತಿ ಏನು ಎಂದು ತಿಳಿಯುವುದು, ಕೆಲಸಗಳ ಸ್ವರೂಪ ಏನು ಎಂದು ತಿಳಿಯುವುದು, ಇವೆರಡನ್ನೂ ತೂಗಿ ನೋಡಿ ಆರಿಸಿಕೊಳ್ಳುವುದು ಎಂಬ ಮೂರು ಹೆಜ್ಜೆಗಳನ್ನು ಅವರು ಹೇಳಿದರು. ಬಿ.ಇಡ್. ಪಠ್ಯದಲ್ಲಿ ವೃತ್ತಿ ಮಾರ್ಗದರ್ಶನದ ಇತಿಹಾಸ ಆರಂಭವಾಗುವುದು ಇಲ್ಲಿಂದ. ಮುಳಬಾಗಿಲಿನ ಯುವಕ ಈ ಮೂರೂ ಹೆಜ್ಜೆಗಳನ್ನು ಯಾರ ಕಚೇರಿಯೂ ಇಲ್ಲದೆ, ಸೋಡಾ ಕಾರ್ಖಾನೆ, ಬಣ್ಣದ ಅಂಗಡಿ, ಅಚ್ಚುಕೂಟಗಳಲ್ಲಿ ಬಿದ್ದು ಎದ್ದು ಕಲಿತರು. ಅವರು ಉಳಿದುಕೊಂಡರು. ಅವರ ಜೊತೆಯಲ್ಲೇ ನಪಾಸಾದ ಉಳಿದ ಹುಡುಗರ ಹೆಸರು ನಮ್ಮ ಕಾಲದವರೆಗೆ ಬಂದಿಲ್ಲ.

ಸಾರ್ವಜನಿಕ ಬದುಕು

ಬೆಂಗಳೂರಿಗೆ ಮರಳಿದ ಡಿ.ವಿ.ಜಿ. 1912ರಲ್ಲಿ ಕರ್ನಾಟಕ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಆ ವರ್ಷವೇ ಇದೇ ಕೋಲಾರ ಸೀಮೆಯ, ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ದಿವಾನರ ಮೇಲೆ ಗೌರವವಿಟ್ಟುಕೊಂಡೇ ಅವರ ಆಡಳಿತವನ್ನು ವಿಮರ್ಶಿಸುವ ಸ್ವಾತಂತ್ರ್ಯವನ್ನು ಡಿ.ವಿ.ಜಿ. ಉಳಿಸಿಕೊಂಡರು. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೂ ಹಕ್ಕುಗಳಿರಬೇಕೆಂದು ಬರೆದರು. ಮೈಸೂರು ಶಾಸನ ಸಭೆಯ ಸದಸ್ಯರಾದರು. ಮೆಟ್ರಿಕ್ಯುಲೇಷನ್ ದಾಟದವರು ಮೈಸೂರು ವಿಶ್ವವಿದ್ಯಾಲಯದ ಆಡಳಿತದಲ್ಲೂ ಕುಳಿತು ಕೆಲಸ ಮಾಡಿದರು. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮಂಕುತಿಮ್ಮನ ಕಗ್ಗ 1943ರಲ್ಲಿ ಪ್ರಕಟವಾಯಿತು. ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಅವರಿಗೆ ಡಿ.ಲಿಟ್. ನೀಡಿತು. ಭಗವದ್ಗೀತೆಯ ಮೇಲೆ ಬರೆದ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 1974ರಲ್ಲಿ ಪದ್ಮಭೂಷಣ.

ಈ ಸಾಧನೆಗಳ ನಡುವೆ ಮನೆಯ ದುಃಖವೂ ಇತ್ತು. 1924ರಲ್ಲಿ ಭಾಗೀರಥಮ್ಮನವರು ತೀರಿಕೊಂಡರು. ಮಕ್ಕಳು ಇನ್ನೂ ಚಿಕ್ಕವರು. 1918ರಲ್ಲಿ ಹುಟ್ಟಿದ ಮಗ ಬಿ.ಜಿ.ಎಲ್. ಸ್ವಾಮಿಯವರಿಗೆ ಆಗ ಆರು ವರ್ಷ. ಮೂವತ್ತೇಳರ ಡಿ.ವಿ.ಜಿ. ಮರುಮದುವೆಯಾಗಲಿಲ್ಲ. ತಾಯಿಯಿಲ್ಲದೆ ಬೆಳೆದ ಆ ಹುಡುಗ ಮುಂದೆ ಹೆಸರಾಂತ ಸಸ್ಯವಿಜ್ಞಾನಿಯಾದರು, ಹಸುರು ಹೊನ್ನು ಬರೆದರು. ಅವರು ಹಿಡಿದ ಶಾಸ್ತ್ರ ತಂದೆಯ ಕ್ಷೇತ್ರವಲ್ಲ. ತಂದೆಯಂತೆಯೇ ಮಗನೂ ಆಗಬೇಕೆಂಬ ಹಟ ಇಲ್ಲದಿರುವುದು ಮಗುವಿನ ಆಯ್ಕೆಗೆ ಮನೆ ಕೊಡುವ ಮೊದಲ ಸಹಾಯ. ಡಾಕ್ಟರು, ಎಂಜಿನಿಯರು ಎಂಬ ಎರಡೇ ಹೆಸರು ತಿಳಿದಿರುವ ಪೋಷಕರ ಸಭೆಯಲ್ಲಿ ಈ ಮಾತನ್ನು ನಾವು ಹೇಳಬೇಕಾಗುತ್ತದೆ.

ಜನರನ್ನು ನೋಡಿ ಬರೆಯುವ ಬಗೆ

ಶಿಕ್ಷಕರು ಡಿ.ವಿ.ಜಿ.ಯವರಿಂದ ನೇರವಾಗಿ ಕಲಿಯಬಹುದಾದ ಒಂದು ಕೆಲಸವಿದೆ. ಅವರ ಜ್ಞಾಪಕ ಚಿತ್ರಶಾಲೆ ಎಂಟು ಸಂಪುಟಗಳಲ್ಲಿದೆ. ಅದರಲ್ಲಿ ದಿವಾನರು, ವಿದ್ವಾಂಸರು, ಸಂಗೀತಗಾರರು ಬರುತ್ತಾರೆ. ಅವರ ಜೊತೆಗೆ ಸಾಮಾನ್ಯ ಮನುಷ್ಯರಿಗೂ ಅದೇ ಗೌರವದ ಸ್ಥಳವಿದೆ. ಒಬ್ಬ ವ್ಯಕ್ತಿಯ ಬಗ್ಗೆ ಬರೆಯುವಾಗ ಅವರು ಒಳ್ಳೆಯವನು, ಕೆಟ್ಟವನು, ಬುದ್ಧಿವಂತ, ದಡ್ಡ ಎಂದು ಹಣೆಪಟ್ಟಿ ಹಚ್ಚಿ ಮುಗಿಸುವುದಿಲ್ಲ. ಅವನು ಯಾವ ಸಂದರ್ಭದಲ್ಲಿ ಏನು ಮಾಡಿದ, ಯಾರೊಡನೆ ಹೇಗೆ ನಡೆದುಕೊಂಡ ಎಂದು ಬರೆಯುತ್ತಾರೆ. ತೀರ್ಮಾನ ಓದುವವರದು.

ಘಟನಾ ದಾಖಲೆ ಎಂದು ನಾವು ಕಲಿಸುವುದು ಇದನ್ನೇ. ಪ್ರಶಿಕ್ಷಣಾರ್ಥಿಗಳ ವರದಿಗಳಲ್ಲಿ ಸೋಮಾರಿ, ಹಟಮಾರಿ, ಗಮನವಿಲ್ಲ, ಮನೆಯ ವಾತಾವರಣ ಸರಿಯಿಲ್ಲ ಎಂಬ ಪದಗಳು ಬಹಳ ಬರುತ್ತವೆ. ಈ ಪದಗಳಿಂದ ಮುಂದಿನ ಶಿಕ್ಷಕರಿಗೆ ಯಾವ ಉಪಯೋಗವೂ ಇಲ್ಲ. ಸೋಮವಾರ ಮೊದಲ ಅವಧಿಯಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ, ಕೇಳಿದಾಗ ರಾತ್ರಿ ಟೊಮೆಟೊ ಲೋಡು ಮಾಡಲು ಹೋಗಿದ್ದೆ ಎಂದ ಎಂದು ಬರೆದರೆ ಸೋಮಾರಿತನ ಎಂಬ ಪದ ತಾನಾಗಿ ಉದುರಿಹೋಗುತ್ತದೆ, ಮಾಡಬೇಕಾದ್ದೇನು ಎಂಬುದೂ ಕಾಣುತ್ತದೆ. ವ್ಯಕ್ತಿ ಅಧ್ಯಯನ ಬರೆಯುವ ಮೊದಲು ಜ್ಞಾಪಕ ಚಿತ್ರಶಾಲೆಯ ಒಂದು ಅಧ್ಯಾಯವನ್ನಾದರೂ ಓದಿಸುವುದು ಒಳ್ಳೆಯದು.

ಅದೃಷ್ಟವನ್ನು ವ್ಯವಸ್ಥೆಯಾಗಿ ಮಾಡಿದ್ದು

1945ರ ಫೆಬ್ರವರಿ 18ರಂದು ಡಿ.ವಿ.ಜಿ. ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅವರಿಗೆ ಆಗ ಐವತ್ತೆಂಟು ತುಂಬುತ್ತಿತ್ತು. ಪುಸ್ತಕಾಲಯ, ವಾಚನಾಲಯ, ಉಪನ್ಯಾಸ, ಅಧ್ಯಯನ ಗೋಷ್ಠಿಗಳು ಅದರ ಕೆಲಸ. ತರುಣರು ಅಲ್ಲಿಗೆ ಬಂದು ಓದಬಹುದಿತ್ತು, ಹಿರಿಯರನ್ನು ಕೇಳಬಹುದಿತ್ತು, ಸಂಶಯ ಎತ್ತಬಹುದಿತ್ತು. ಪ್ರಮಾಣಪತ್ರ ತೋರಿಸಬೇಕಾಗಿರಲಿಲ್ಲ. ಡಿ.ವಿ.ಜಿ.ಯವರು ಸ್ವತಃ ಅಲ್ಲಿ ಯುವಕರ ನಡುವೆ ಕುಳಿತು ಪಾಠ, ಚರ್ಚೆ ನಡೆಸುತ್ತಿದ್ದರು. 1970ರಲ್ಲಿ ನಾಡಿನ ಜನ ಅವರನ್ನು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನೂ ಈ ಸಂಸ್ಥೆಗೇ ಕೊಟ್ಟುಬಿಟ್ಟರು. 1975ರ ಅಕ್ಟೋಬರ್ 7ರಂದು ಅವರು ತೀರಿಕೊಂಡರು. ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಬಾಲ್ಯದಲ್ಲಿ ಅವರಿಗೆ ಸಿಕ್ಕ ನೆರವನ್ನು ನೆನೆದರೆ ಈ ಸಂಸ್ಥೆಯ ಅರ್ಥ ಇನ್ನಷ್ಟು ತಿಳಿಯುತ್ತದೆ. ಪಟ್ಟು ಹಿಡಿದ ಜಟಕಾದವರು, ಪಾಠ ಹೇಳಿದ ಶಾಸ್ತ್ರಿಗಳು, ಕೆಲಸ ಕೊಟ್ಟ ಪತ್ರಿಕೆಯವರು ಎಲ್ಲರೂ ಅವರಿಗೆ ಅದೃಷ್ಟವಶಾತ್ ಸಿಕ್ಕವರು. ಸಿಗದೆಯೂ ಹೋಗಬಹುದಿತ್ತು. ತಮಗೆ ಅದೃಷ್ಟದಿಂದ ದೊರೆತದ್ದು ಬೇರೆ ತರುಣರಿಗೆ ವಾರದ ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ, ಕೇಳಿಕೊಂಡು ಬಂದ ಎಲ್ಲರಿಗೂ ದೊರೆಯುವಂತೆ ಅವರು ಮಾಡಿದರು. ಶಾಲೆಯಲ್ಲಿ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ ಬೇಕು ಎನ್ನುವುದರ ಅರ್ಥವೂ ಇಷ್ಟೇ. ಪ್ರತಿ ಮಗುವಿನ ಬೀದಿಯಲ್ಲೂ ಒಬ್ಬ ರಸೂಲ್ ಖಾನ್ ಇರುತ್ತಾರೆಂದು ನಂಬಿ ಕೂರುವಂತಿಲ್ಲ.

ಈ ಮಾತು ಹೊಸದೇನಲ್ಲ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1952-53ರಲ್ಲೇ ಶಾಲೆಗಳಲ್ಲಿ ಮಾರ್ಗದರ್ಶನ ಸೇವೆ ಬೇಕೆಂದಿತು. 1964-66ರ ಕೊಠಾರಿ ಆಯೋಗ ಅದು ಕೆಲವರಿಗೆ ಮಾತ್ರ ಸೀಮಿತವಾಗಬಾರದು, ಶಿಕ್ಷಣದ ಭಾಗವಾಗಿಯೇ ಎಲ್ಲ ಮಕ್ಕಳಿಗೂ ಸಿಗಬೇಕೆಂದಿತು. ಆದರೂ ನಮ್ಮ ಹಳ್ಳಿಯ ಹೈಸ್ಕೂಲುಗಳಲ್ಲಿ ಅದಕ್ಕಾಗಿಯೇ ನೇಮಕಗೊಂಡ ಆಪ್ತಸಮಾಲೋಚಕರನ್ನು ಕಾಣುವುದು ಅಪರೂಪ. ಕೆಲಸ ಬೀಳುವುದು ತರಗತಿಯ ಶಿಕ್ಷಕರ ಮೇಲೆ, ಅಭ್ಯಾಸ ಬೋಧನೆಗೆ ಹೋದ ನಮ್ಮ ಪ್ರಶಿಕ್ಷಣಾರ್ಥಿಗಳ ಮೇಲೆ.

ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಲೆಗಳಲ್ಲಿ ಸಮುದಾಯದ ತೊಂದರೆ ಮಗುವಿನ ಬೆನ್ನ ಮೇಲೆ ಕುಳಿತೇ ತರಗತಿಗೆ ಬರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಇದು. ಕೊಳವೆಬಾವಿ ಬತ್ತಿದರೆ ಸಾಲ, ಟೊಮೆಟೊ ಬೆಲೆ ಬಿದ್ದರೆ ಮನೆಯಲ್ಲಿ ಜಗಳ. ಮಾವಿನ ಸುಗ್ಗಿ ಶಾಲೆ ತೆರೆಯುವ ದಿನಗಳಿಗೇ ಬಂದು ಸೇರುತ್ತದೆ. ಇಟ್ಟಿಗೆ ಗೂಡಿಗೆ ಬೇರೆ ರಾಜ್ಯದಿಂದ ಬಂದವರ ಮಕ್ಕಳಿಗೆ ತರಗತಿಯ ಮಾತೇ ತಿಳಿಯದು. ಬೆಂಗಳೂರಿಗೆ ಹೋಗಿ ಬರುವ ತಾಯ್ತಂದೆ ಬೆಳಕು ಹರಿಯುವ ಮುನ್ನ ಹೊರಟು ಕತ್ತಲಾದ ಮೇಲೆ ಮರಳುತ್ತಾರೆ, ಮಗು ಮೊಬೈಲಿನ ಜೊತೆ ಉಳಿಯುತ್ತದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಆ ಕಡೆಯ ಕುಟುಂಬಗಳ ದುಡಿಮೆಯ ದಾರಿಯೇ ಬದಲಾಯಿತು. ಇವನ್ನೆಲ್ಲ ಶಿಕ್ಷಕರು ಪರಿಹರಿಸಲಾರರು. ಆದರೆ ಇವು ಇವೆ ಎಂದು ತಿಳಿದು ಮಗುವಿನೊಡನೆ ಮಾತನಾಡಬಲ್ಲರು.

ಗುಂಡಪ್ಪನವರ ಬದುಕನ್ನು ವ್ಯಕ್ತಿ ಅಧ್ಯಯನವಾಗಿ ಓದಿದ ಮೇಲೆ ಮುಂದಿನ ಸುತ್ತಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಕೆಲವು ಕೆಲಸಗಳನ್ನು ರೂಢಿಸಿಕೊಳ್ಳಬಹುದು. ಮೊದಲನೆಯದು, ಬೇರೆ ಶಾಲೆಯಿಂದ ವರ್ಗಾವಣೆ ಪತ್ರ ಹಿಡಿದು ಬಂದ ಮಗುವನ್ನು ಮೊದಲ ವಾರದಲ್ಲೇ ಪ್ರತ್ಯೇಕವಾಗಿ ಮಾತನಾಡಿಸುವುದು. ಮೈಸೂರಿನಿಂದ ಕೋಲಾರಕ್ಕೆ ಬಂದ ಹುಡುಗನಂತೆ ಆ ಮಗುವೂ ಏನನ್ನೋ ಹಿಂದೆ ಬಿಟ್ಟು ಬಂದಿರುತ್ತದೆ. ಎರಡನೆಯದು, ವರದಿಯಲ್ಲಿ ಮಗುವಿಗೆ ಏನು ಬರುವುದಿಲ್ಲ ಎಂಬುದರ ಪಕ್ಕದಲ್ಲಿ ಏನು ಬರುತ್ತದೆ ಎಂಬುದಕ್ಕೂ ಅಷ್ಟೇ ಜಾಗ ಕೊಡುವುದು. ಮೂರನೆಯದು, ಮಗು ಹೇಳಿದ್ದನ್ನು ಸಿಬ್ಬಂದಿ ಕೊಠಡಿಯ ಹರಟೆಗೆ ತರದಿರುವುದು.

ಗುಟ್ಟು ಕಾಯುವುದಕ್ಕೂ ಮಿತಿಯಿದೆ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ 2012ರ ಪೋಕ್ಸೊ ಕಾಯಿದೆಯ ಪ್ರಕಾರ ತಿಳಿಸಲೇಬೇಕು, ಸುಮ್ಮನಿರುವುದೇ ಅಪರಾಧ. ಬಾಲ್ಯವಿವಾಹ, ಹೊಡೆತ, ದುಡಿಮೆಯ ಸಂದರ್ಭಗಳಲ್ಲಿ ಮಕ್ಕಳ ಸಹಾಯವಾಣಿ 1098 ಇದೆ. ಮಗು ಸಾವಿನ ಮಾತಾಡಿದರೆ ಬೈಯದೆ, ಒಂಟಿಯಾಗಿ ಬಿಡದೆ, ಮುಖ್ಯೋಪಾಧ್ಯಾಯರಿಗೂ ಮನೆಯವರಿಗೂ ತಿಳಿಸಿ ತಜ್ಞರ ಬಳಿ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುಂಚೂಣಿಯಲ್ಲಿ ನಿಂತು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಈ ಎರಡು ಸಂಖ್ಯೆಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡಲು ಖರ್ಚೇನೂ ಇಲ್ಲ.

ಕೊನೆಯದಾಗಿ, ಅಧ್ಯಯನಕ್ಕೆ ಆರಿಸಿಕೊಂಡ ಮಗುವಿನ ವಿವರವನ್ನು ಶಾಲೆ ಬಿಟ್ಟು ಬರುವ ದಿನ ತರಗತಿ ಶಿಕ್ಷಕರ ಕೈಗೆ ಒಪ್ಪಿಸಿ, ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ ತಿಳಿದುಕೊಂಡು ಬರಬೇಕು. ವರದಿಯ ನಮೂನೆಯಲ್ಲಿ ಅದಕ್ಕೊಂದು ಕಲಮು ಸೇರಿಸುವುದು ನಮ್ಮ ಕಾಲೇಜುಗಳ ಕೈಯಲ್ಲೇ ಇದೆ.